ಚೆಕಿಂಗ್ ಅಕ್ಕ ಶಾಲೆ ನೋಡಿ ಬಂದದ್ದು

ಹೊಸ ಅಂಗಿ ಕೈಗೆ ಸಿಕ್ಕರೆ ಬೇರೆಯವರು ಅದನ್ನು ಮೈಗೆ ಹಿಡಿದುಕೊಂಡು ಕನ್ನಡಿ ನೋಡುತ್ತಾರೆ. ಚೆಕಿಂಗ್ ಅಕ್ಕ ಮೊದಲು ಅದರ ಒಳಗನ್ನು ಹೊರಗೆ ಮಾಡುತ್ತಾಳೆ. ಹೊಲಿಗೆ ಎಲ್ಲಿ ಜಾರಿದೆ, ದಾರ ಎಲ್ಲಿ ಇಣುಕುತ್ತಿದೆ, ಕಂಕುಳ ಹತ್ತಿರ ಎಳೆದರೆ ಬಿರಿಯುತ್ತದೋ ಹೇಗೆ, ಇಷ್ಟೆಲ್ಲ ನೋಡಿ ಮುಗಿದ ಮೇಲೆಯೇ ಅಂಗಿಯ ಬಣ್ಣ ಯಾವುದು ಅನ್ನುವುದು ಅವಳ ಗಮನಕ್ಕೆ ಬರುವುದು.

ಮದುವೆಗೆ ಮುಂಚಿನಿಂದಲೂ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅವಳದ್ದು ಇದೇ ಕೆಲಸ. ಹೊಲಿಗೆ ಯಂತ್ರಗಳ ಸಾಲು ಮುಗಿಯುವ ಕಡೆ, ಟ್ಯೂಬ್‌ಲೈಟಿನ ಕೆಳಗೆ ಒಂದು ಉದ್ದನೆಯ ಮೇಜು. ಎಡಗಡೆಯಿಂದ ಅಂಗಿಗಳು ಬರುತ್ತವೆ. ತಪ್ಪು ಕಂಡ ಜಾಗಕ್ಕೆ ಬಾಣದ ಗುರುತಿನ ಸಣ್ಣ ಸ್ಟಿಕ್ಕರ್ ಅಂಟಿಸಿ ವಾಪಸ್ ಎಸೆಯುತ್ತಾಳೆ. ತಪ್ಪಿಲ್ಲದ್ದು ಬಲಗಡೆಗೆ, ಪ್ಯಾಕಿಂಗಿಗೆ ಹೋಗುತ್ತದೆ. ಅದಕ್ಕೆ ಸ್ಟಿಕ್ಕರೂ ಇಲ್ಲ, ಮಾತೂ ಇಲ್ಲ. ಒಂದೊಂದು ಅಂಗಿಗೂ ಚೆನ್ನಾಗಿ ಹೊಲಿದಿದ್ದೀಯಮ್ಮ ಅಂತ ಹೇಳುತ್ತಾ ಕೂತರೆ ಕೆಲಸ ಸಾಗುವುದು ಹೇಗೆ? ಅಲ್ಲಿ ಸುಮ್ಮನೆ ಬಲಗಡೆಗೆ ತಳ್ಳುವುದೇ ದೊಡ್ಡ ಶಭಾಷ್‌ಗಿರಿ.

ಈ ರೂಢಿ ಫ್ಯಾಕ್ಟರಿ ಗೇಟಿನಲ್ಲಿ ಕಳಚಿಟ್ಟು ಬರುವಂಥದ್ದಲ್ಲ. ಅತ್ತೆಯ ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ಹೇಳುತ್ತಾಳೆ, ರುಚಿಯಾಗಿದ್ದರೆ ಸುಮ್ಮನೆ ಇನ್ನೊಂದು ಸಲ ಬಡಿಸಿಕೊಳ್ಳುತ್ತಾಳೆ. ಅವಳ ಗಂಡ ಮಿಕ್ಸಿ, ಫ್ಯಾನು ರಿಪೇರಿ ಮಾಡುವವನು. ಎಲ್ಲಿ ವೈರು ಕಡಿದಿದೆ ಅಂತ ಹುಡುಕುವ ಕಸುಬಿನವನಾದ್ದರಿಂದ ಹೆಂಡತಿಯ ಸ್ವಭಾವ ಅವನಿಗೆ ಬೇಗ ಅರ್ಥವಾಯಿತು. "ಅವಳು ಬೈದಿಲ್ಲ ಅಂದ್ರೆ ಹೊಗಳಿದಾಳೆ ಅಂತ ತಿಳ್ಕೊಮ್ಮ" ಎಂದು ತಾಯಿಗೆ ಹೇಳಿಕೊಟ್ಟಿದ್ದ. ಅತ್ತೆಯೋ, "ಬಾಯಿ ಬಿಟ್ಟು ಹೇಳಿದ್ರೆ ಹಲ್ಲು ಉದುರುತ್ತಾ?" ಎಂದು ಗೊಣಗುವುದನ್ನು ಬಿಟ್ಟಿರಲಿಲ್ಲ.

ಇಂಥ ಚುರುಕಿನವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಮಹಾ ನಿಧಾನಸ್ಥೆ. ಕಿವಿ ಚೆನ್ನಾಗಿದೆ, ನಾಲಿಗೆ ಚೆನ್ನಾಗಿದೆ, ಬುದ್ಧಿಗೂ ಕೊರತೆಯಿಲ್ಲ. ಆದರೆ ಏನಾದರೂ ಕೇಳಿದರೆ ಆ ಮಾತನ್ನು ಒಳಗೆ ತೆಗೆದುಕೊಂಡು ಹೋಗಿ, ಎಲ್ಲೋ ಕೂತು ಯೋಚನೆ ಮಾಡಿ, ಉತ್ತರ ಹೊರಗೆ ತರುವಷ್ಟರಲ್ಲಿ ಕೇಳಿದವರು ಬೇರೆ ಮಾತಿಗೆ ಹೋಗಿರುತ್ತಾರೆ. ಮನೆಯಲ್ಲಿ ಅವಳ ಪಾಲಿನ ಉತ್ತರವನ್ನೆಲ್ಲ ಅಮ್ಮನೇ ಹೇಳಿ ಮುಗಿಸಿಬಿಡುತ್ತಿದ್ದಳು.

ಬಸ್ಸಿನಲ್ಲಿ ಹೋಗಬೇಕಾದ ಒಂದು ಖಾಸಗಿ ಶಾಲೆಯಲ್ಲಿ ಮಗುವನ್ನು ಸಂದರ್ಶನಕ್ಕೆ ಕರೆದಿದ್ದರು. ಅಲ್ಲಿನ ಮೇಡಂ ಒಂದು ಚಿತ್ರ ಹಿಡಿದು ಇದೇನು ಅಂದರು. ಮಗಳು ನೋಡುತ್ತಾ ನಿಂತಳು. ಮೇಡಂ ಎರಡನೆಯ ಚಿತ್ರ ಹಿಡಿದರು, ಆಮೇಲೆ ಮೂರನೆಯದು. ಮೂರನೆಯದು ಕೊಡೆ. ಅದನ್ನು ನೋಡುತ್ತಾ ಮಗಳು ಸ್ಪಷ್ಟವಾಗಿ "ಕಿತ್ತಳೆ ಹಣ್ಣು" ಅಂದಳು. ಕಿತ್ತಳೆ ಮೊದಲನೆಯ ಚಿತ್ರ. ಮೇಡಂ ನಕ್ಕು, ಮಗುವಿಗೆ ಇನ್ನೊಂದು ವರ್ಷ ಮನೆಯಲ್ಲೇ ಅಭ್ಯಾಸ ಮಾಡಿಸಿ ಎಂದು ಕಳಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಚೆಕಿಂಗ್ ಅಕ್ಕ ಆ ಮೂರು ಚಿತ್ರಗಳನ್ನು ಬೆರಳಲ್ಲಿ ಮತ್ತೆ ಮತ್ತೆ ಎಣಿಸಿದಳು. ಮಗಳು ತಪ್ಪು ಹೇಳಿರಲಿಲ್ಲ, ತಡವಾಗಿ ಹೇಳಿದ್ದಳು ಅಷ್ಟೇ. ಇದನ್ನು ಯಾರ ಮುಂದೆ ವಾದ ಮಾಡುವುದು?

ಅವತ್ತಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಎರಡು ಬೀದಿ ಆಚೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಿತ್ತು. ಬೀದಿಯವರಿಗೆಲ್ಲ ಅದರ ಗೇಟು ಗೊತ್ತು, ಒಳಗೆ ಹೋದವರು ಕಡಿಮೆ. ಒಂದು ದಿನ ಅರ್ಧ ರಜೆ ಹಾಕಿ, ಊಟವನ್ನೂ ಮಾಡದೆ ಅಲ್ಲಿಗೆ ಹೋಗಿ ನಿಂತಳು. ಹೆಡ್ ಮೇಷ್ಟ್ರು ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ. "ಮೊದಲು ಹಿಂದುಗಡೆ ನೋಡ್ಬೇಕು ಸಾರ್" ಅಂದಳು.

ಶಾಲೆಯನ್ನೂ ಅವಳು ಒಳಗು ಹೊರಗು ಮಾಡಿಯೇ ನೋಡಿದಳು. ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ. ನಲ್ಲಿಗಳ ಪೈಕಿ ಒಂದರ ತಲೆಯೇ ಇಲ್ಲ. ಒಂದನೆಯ ತರಗತಿಯ ಕಿಟಕಿಯಲ್ಲಿ ಗಾಜು ಒಡೆದ ಕಡೆ ರಟ್ಟು ತುರುಕಿದ್ದಾರೆ. ಬೆಂಚಿನ ಅಂಚು ಸಿಬಿರೆದ್ದಿದೆ, ಮಕ್ಕಳ ಬಟ್ಟೆ ಹರಿಯುವುದು ಖಂಡಿತ. ಇಷ್ಟನ್ನೂ ಬೆರಳು ಮಡಚಿ ಲೆಕ್ಕ ಹಾಕಿಕೊಂಡು, ತರಗತಿಯ ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಮೊಣಕಾಲು ಮಡಚಿ ಕೂತಳು.

ಒಂದನೆಯ ತರಗತಿಯ ಟೀಚರ್‌ಗೆ ನಡುವಯಸ್ಸು, ಗಟ್ಟಿ ದನಿಯೇನಲ್ಲ. ಕಳೆಯುವ ಲೆಕ್ಕ ಮಾಡಿಸುತ್ತಿದ್ದರು. ಮೇಜಿನ ಮೇಲೆ ಗುಂಡಿಗಳನ್ನು ಹರಡಿ, ಕೆಲವನ್ನು ಮುಚ್ಚಿಟ್ಟು, ಉಳಿದದ್ದೆಷ್ಟು ಅಂತ ಮುಂದಿನ ಸಾಲಿನ ಒಬ್ಬ ಹುಡುಗಿಯನ್ನು ಕೇಳಿದರು. ಹುಡುಗಿ ಬಾಯಿ ತೆರೆಯಲಿಲ್ಲ. ಅಕ್ಕಪಕ್ಕದ ಮಕ್ಕಳೆಲ್ಲ ಅವಳ ಮುಖವನ್ನೇ ನೋಡತೊಡಗಿದರು. ಟೀಚರ್ ಬೇರೆ ಯಾರನ್ನೂ ಕೇಳಲಿಲ್ಲ, ಆ ಹುಡುಗಿಯನ್ನು ಇನ್ನೊಮ್ಮೆಯೂ ಕೇಳಲಿಲ್ಲ. ತಿರುಗಿ ಬೋರ್ಡು ಒರೆಸತೊಡಗಿದರು. ಬೋರ್ಡು ಆಗಲೇ ಸ್ವಚ್ಛವಾಗಿತ್ತು. ಒರೆಸಿದ್ದನ್ನೇ ಯಾಕೆ ಒರೆಸುತ್ತಾರೆ, ಹೊತ್ತು ದಂಡ ಅಂತ ಚೆಕಿಂಗ್ ಅಕ್ಕ ಇನ್ನೊಂದು ಬೆರಳು ಮಡಚಬೇಕು ಅನ್ನುವಷ್ಟರಲ್ಲಿ ಗಮನಿಸಿದಳು: ಮಕ್ಕಳ ಕಣ್ಣೆಲ್ಲ ಹುಡುಗಿಯನ್ನು ಬಿಟ್ಟು ಡಸ್ಟರಿನ ಹಿಂದೆ ಹೋಗಿದ್ದವು. ಯಾರೂ ನೋಡದಿದ್ದಾಗ ಹುಡುಗಿ ಗುಂಡಿಗಳನ್ನು ಮೆಲ್ಲಗೆ ಎಣಿಸಿ "ನಾಲ್ಕು" ಅಂದಳು. "ಹೂಂ, ನಾಲ್ಕು" ಅಂತ ಟೀಚರ್ ಏನೂ ಆಗದವರ ಹಾಗೆ ಬರೆದರು.

ಚೆಕಿಂಗ್ ಅಕ್ಕ ಮಡಚಬೇಕೆಂದಿದ್ದ ಬೆರಳನ್ನು ಹಾಗೇ ಬಿಟ್ಟಳು. ಬೆಂಚಿನ ಸಿಬಿರು ಕೈಗೆ ಚುಚ್ಚಿದ್ದೂ ತಿಳಿಯಲಿಲ್ಲ. ನನ್ನ ಮಗಳು ಇಲ್ಲೇ ಓದಬೇಕು, ಇವರ ಹತ್ತಿರವೇ ಓದಬೇಕು ಅಂತ ಆ ಕ್ಷಣವೇ ತೀರ್ಮಾನ ಮಾಡಿಬಿಟ್ಟಳು.

ಬೆಲ್ ಆದ ಮೇಲೆ ಟೀಚರ್ ಹತ್ತಿರ ಬಂದು, "ಹೇಗನ್ನಿಸ್ತು?" ಅಂತ ಕೇಳಿದರು.

"ಚಿಲಕ ಇಲ್ಲ ಮೇಡಂ. ನಲ್ಲಿ ಒಂದು ಹಾಳಾಗಿದೆ. ಕಿಟಕಿಗೆ ಗಾಜು ಹಾಕಿಸ್ಬೇಕು. ಈ ಬೆಂಚಿಗೆ ಉಪ್ಪುಕಾಗದ ಹಾಕಿ ಉಜ್ಜಿದ್ರೆ ಸಾಕು, ಅರ್ಧ ಗಂಟೆ ಕೆಲಸ" ಅಂದಳು. ಟೀಚರ್ ಮುಖ ಸ್ವಲ್ಪ ಸಪ್ಪಗಾಯಿತು. ಅವಳಿಗದು ಕಾಣಲಿಲ್ಲ. ಪಾಠ ಬಲಗಡೆಗೆ ಹೋಗಿಯಾಗಿತ್ತು, ಅದರ ಬಗ್ಗೆ ಮಾತೇಕೆ?

ಮನೆಯಲ್ಲೂ ಅದೇ ವರದಿ. ಗಂಡ ಫ್ಯಾನಿನ ರೆಕ್ಕೆ ಒರೆಸುತ್ತಾ ಎಲ್ಲ ಕೇಳಿಸಿಕೊಂಡು, "ಟೀಚರ್ ಹೇಗೆ?" ಅಂದ. ಅವಳು ಏನೂ ಹೇಳಲಿಲ್ಲ. "ಹಾಗಾದ್ರೆ ಸೇರಿಸ್ತೀವಿ ಅಂತಾಯ್ತು" ಎಂದು ರೆಕ್ಕೆ ಪಕ್ಕಕ್ಕಿಟ್ಟ.

ಆದರೆ ಬೀದಿಯವರು ಅವಳನ್ನು ಮದುವೆಯಾದವರಲ್ಲ. ಆ ವರ್ಷ ಒಂದನೆಯ ತರಗತಿಗೆ ಸೇರುವ ವಯಸ್ಸಿನ ಮಕ್ಕಳು ಬೀದಿಯಲ್ಲಿ ಹತ್ತಾರಿದ್ದರು, ಅವರ ತಾಯಂದಿರೆಲ್ಲ ಯಾವ ಶಾಲೆ ಅಂತ ತಲೆ ಕೆಡಿಸಿಕೊಂಡಿದ್ದರು. ಚೆಕಿಂಗ್ ಅಕ್ಕ ಒಳಗೆ ಹೋಗಿ ನೋಡಿ ಬಂದಿದ್ದಾಳೆ ಅಂದ ಮೇಲೆ ಕೇಳಬೇಕೆ? ಮೇಲ್ಮನೆಯವಳು ಮೆಟ್ಟಿಲಲ್ಲೇ ಹಿಡಿದು ನಿಲ್ಲಿಸಿದಳು. ಇಸ್ತ್ರಿ ಅಂಗಡಿಯಾಕೆ ಪೆಟ್ಟಿಗೆ ಬದಿಗಿಟ್ಟು ಕೇಳಿದಳು. ಎಲ್ಲರಿಗೂ ಅವಳು ಚಿಲಕ, ನಲ್ಲಿ, ಗಾಜು, ಬೆಂಚು ಅಂತ ಹೇಳಿದ್ದನ್ನೇ ಹೇಳಿದಳು. ಎಲ್ಲರೂ ತಲೆಯಾಡಿಸಿ ಒಳಗೆ ಹೋದರು. ಪರವಾಗಿಲ್ಲ, ಜನಕ್ಕೆ ಉಪಕಾರವಾಯಿತು ಎಂದು ಅವಳು ಅಂದುಕೊಂಡಳು.

ಅರ್ಜಿ ಕೊಡಲು ಮಗಳ ಕೈ ಹಿಡಿದು ಹೋದಾಗ ಹೆಡ್ ಮೇಷ್ಟ್ರು ಅದನ್ನು ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದರು.

"ತಗೊಳ್ತೀನಮ್ಮ. ಆದ್ರೆ ಒಂದನೇ ಕ್ಲಾಸು ಈ ವರ್ಷ ಇರುತ್ತೋ ಇಲ್ವೋ ಗೊತ್ತಿಲ್ಲ. ಕನಿಷ್ಠ ಹತ್ತು ಮಕ್ಕಳಾದ್ರೂ ಬೇಕು. ಬಂದಿರೋದು ಮೂರು. ಆಗದಿದ್ರೆ ಹೈವೇ ಆಚೆ ದೊಡ್ಡ ಶಾಲೆಗೆ ಸೇರಿಸಿಬಿಡ್ತಾರೆ, ಮಕ್ಕಳನ್ನೂ ಟೀಚರನ್ನೂ."

"ನಮ್ಮ ಬೀದಿಯಲ್ಲೇ ಅಷ್ಟೊಂದು ಮಕ್ಕಳಿದಾವಲ್ಲ ಸಾರ್."

"ನಿಮ್ಮ ಬೀದಿಯಿಂದ ಒಬ್ಬರೂ ಬಂದಿಲ್ಲ. ಕೇಳೋಣ ಅಂತ ನಾನೇ ಹೋಗಿದ್ದೆ. ಚೆಕ್ ಮಾಡಿದವರೇ ಸರಿಯಿಲ್ಲ ಅಂದಿದಾರೆ, ಇನ್ನು ನಾವು ಹೇಗೆ ಸೇರಿಸೋದು ಅಂದ್ರು." ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಯಾರನ್ನು ಕುರಿತು ಹೇಳುತ್ತಿದ್ದಾರೋ ಅವಳೇ ಎದುರು ನಿಂತಿರುವುದು ಅವರಿಗೆ ಗೊತ್ತಿತ್ತು, ದೊಡ್ಡ ಮನುಷ್ಯ, ಗೊತ್ತಿಲ್ಲದವರ ಹಾಗೆ ಹೇಳಿದರು.

ಸರಿಯಿಲ್ಲ ಅಂತ ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ. ಆದರೂ ಅವಳ ಕೈಯಾರೆ ಆ ತರಗತಿ ಮುಚ್ಚಿಹೋಗುವ ಹಂತಕ್ಕೆ ಬಂದಿತ್ತು. ಹೈವೇ ದಾಟಿ ಅಷ್ಟು ದೂರ ಮಗಳನ್ನು ಕಳಿಸುವ ಹಾಗಿರಲಿಲ್ಲ, ಇನ್ನೊಬ್ಬ ಮೇಡಂ ಚಿತ್ರ ಹಿಡಿದು ನಗುವ ಕಡೆಗೇ ಕಳಿಸಬೇಕಾಗಿತ್ತು.

ಮರುದಿನ ಫ್ಯಾಕ್ಟರಿಯಲ್ಲಿ ಅವಳ ಕೈ ಓಡಲಿಲ್ಲ. ಕಾಲರು ವಾರೆಯಾದ ಅಂಗಿಯೊಂದು ಬಲಗಡೆಗೆ ಹೋಗಿಬಿಟ್ಟಿತು, ಸೂಪರ್‌ವೈಸರ್ ಅದನ್ನು ತಂದು ಮೇಜಿನ ಮೇಲೆ ಇಟ್ಟು ಹೋದ. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಬಂದಳು. ಮನೆಗೆ ಹೋಗುವ ಬದಲು ನೇರ ಇಸ್ತ್ರಿ ಅಂಗಡಿಗೆ ಹೋದಳು, ಅಲ್ಲಿಂದ ಮೆಟ್ಟಿಲು ಹತ್ತಿ ಮೇಲ್ಮನೆಗೆ. "ಶಾಲೆ ಚೆನ್ನಾಗಿದೆ, ನಿಮ್ಮ ಮಗನ್ನ ಸೇರಿಸಿ" ಅಂದಳು. ಆ ಮಾತು ಅವಳ ಬಾಯಲ್ಲಿ ಎರವಲು ತಂದ ಹಲ್ಲಿನ ಹಾಗೆ ಅಲುಗಾಡುತ್ತಿತ್ತು.

ಮೇಲ್ಮನೆಯವಳು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹೋದ ವಾರ ಚಿಲಕ ಇಲ್ಲ ಅಂದ್ರಿ."

"ಈಗಲೂ ಇಲ್ಲ."

"ನಲ್ಲಿ?"

"ಅದೂ ಹಾಗೇ ಇದೆ."

"ಮತ್ತೆ ಚೆನ್ನಾಗಿರೋದು ಏನು ಅಕ್ಕ? ಮೇಷ್ಟ್ರು ಏನಾದ್ರೂ ಹೀಗೆ ಹೇಳಿ ಅಂತ ನಿಮ್ಮನ್ನ ಹಿಡ್ಕೊಂಡ್ರಾ?"

ಅವಮಾನವಾಯಿತು. ಮನೆಗೆ ಬಂದು ಅಡುಗೆಮನೆಗೂ ಬಾಗಿಲಿಗೂ ಅಡ್ಡಾಡಿದಳು. ದಿಂಬಿನ ಚೀಲ ಬಿಚ್ಚಿ ಹೊಲಿಗೆ ನೋಡಿದಳು, ಮತ್ತೆ ಹಾಕಿದಳು. ಅತ್ತೆ ಇದನ್ನೆಲ್ಲ ನೋಡಿ ನೋಡಿ ಸಾಕಾಗಿ, "ಅಲ್ಲೇನು ನೋಡ್ದೆ ಅಂತ ಹೇಳಮ್ಮ. ಹೊಗಳೋಕೆ ಬರದಿದ್ರೆ ಬೇಡ. ಕಂಡದ್ದು ಹೇಳು, ಅಷ್ಟು ಸಾಕು" ಅಂದರು.

ಅವಳು ನಿಂತುಕೊಂಡೇ ಹೇಳಿದಳು. ಗುಂಡಿಗಳನ್ನು ಹರಡಿದ್ದು, ಹುಡುಗಿಗೆ ಉತ್ತರ ಬರದಿದ್ದು, ಟೀಚರ್ ಸ್ವಚ್ಛವಾದ ಬೋರ್ಡನ್ನು ಒರೆಸುತ್ತಾ ನಿಂತದ್ದು. ಅತ್ತೆ ಮೊಮ್ಮಗಳ ತಲೆ ಸವರಿದರು. ಆಮೇಲೆ, "ಇದನ್ನ ಹೊಟ್ಟೇಲಿ ಇಟ್ಕೊಂಡು ಊರಿಗೆಲ್ಲ ನಲ್ಲಿ ಕಥೆ ಹೇಳಿದ್ಯಲ್ಲೇ ಪುಣ್ಯಾತ್ಗಿತ್ತಿ" ಅಂದರು.

ಆ ವಾರವೆಲ್ಲ ಅವಳು ಆ ಬೋರ್ಡು ಒರೆಸಿದ ಕಥೆಯನ್ನು ಮನೆಮನೆಗೂ ಹೊತ್ತಳು. ಮೇಲ್ಮನೆಯವಳ ಮಗ ಸುಮ್ಮನಿರುವವನಲ್ಲ, ಬಾಯಿ ಮುಚ್ಚದವನು. ಆದರೂ ಕಥೆ ಕೇಳಿ ಆಕೆ, "ನಮ್ಮ ಟೀಚರ್ ಒಬ್ಬರು ನನ್ನನ್ನ ಎಲ್ಲರ ಮುಂದೆ ನಿಲ್ಸಿ ಕೇಳ್ತಿದ್ರು, ಈಗಲೂ ಕಳೆಯೋ ಲೆಕ್ಕ ಅಂದ್ರೆ ಕೈ ಬೆವರುತ್ತೆ" ಅಂದಳು. ಇಸ್ತ್ರಿ ಅಂಗಡಿಯಾಕೆ ಗಿರಾಕಿಗಳಿಗೂ ಹೇಳಿದಳು. ಒಬ್ಬೊಬ್ಬರಾಗಿ ಅರ್ಜಿ ಕೊಟ್ಟರು. ಗಂಡ ಒಂದು ಭಾನುವಾರ ಹೋಗಿ ಚಿಲಕ ಹಾಕಿ, ಬೆಂಚು ಉಜ್ಜಿ ಬಂದ. ಹತ್ತನೆಯ ಅರ್ಜಿ ಬಂತು, ಹನ್ನೊಂದನೆಯದೂ ಬಂತು. ತರಗತಿ ಉಳಿಯಿತು ಅಂತ ಹೆಡ್ ಮೇಷ್ಟ್ರು ಹೇಳಿ ಕಳಿಸಿದರು.

ಸುದ್ದಿ ಕೇಳಿದ ಸಂಜೆಯೇ ಅವಳು ಶಾಲೆಗೆ ಓಡಿದಳು. ಟೀಚರ್‌ಗೆ ತಾನೇ ಹೇಳಬೇಕು ಅಂತ ಆಸೆ. ಒಂದನೆಯ ತರಗತಿಯಲ್ಲಿ ಬೀರು ತೆರೆದಿತ್ತು. ಟೀಚರ್ ಗುಂಡಿಗಳನ್ನು ಒಂದು ಡಬ್ಬಿಗೆ ತುಂಬುತ್ತಿದ್ದರು. ಗೋಡೆಯ ಮೇಲಿನ ಚಿತ್ರಗಳಲ್ಲಿ ಅರ್ಧ ಇಳಿದಿದ್ದವು.

"ಹನ್ನೊಂದು ಮಕ್ಕಳಾದ್ರು ಮೇಡಂ" ಅಂದಳು ಏದುಸಿರಿನಲ್ಲಿ.

"ಗೊತ್ತಾಯ್ತು. ಒಳ್ಳೇದಾಯ್ತು. ಹೊಸಬರೊಬ್ಬರು ಬರ್ತಾರೆ."

"ಹೊಸಬರು ಯಾಕೆ?"

ಟೀಚರ್ ಡಬ್ಬಿಯ ಮುಚ್ಚಳ ಒತ್ತಿದರು. "ದೊಡ್ಡ ಶಾಲೆಗೆ ಯಾರು ಬರ್ತೀರಿ ಅಂತ ಮೇಲಿನವರು ಕೇಳಿದ್ರು. ನಾನು ಒಪ್ಕೊಂಡೆ, ಆದೇಶ ಬರೋವರೆಗೆ ಮೇಷ್ಟ್ರಿಗೂ ಹೇಳಿರ್ಲಿಲ್ಲ. ಆದೇಶ ಬಂದಾಯ್ತು, ಇನ್ನು ಬದಲಾಗಲ್ಲ."

"ಯಾವಾಗ ಒಪ್ಕೊಂಡ್ರಿ?"

"ನೀವು ಬಂದು ಕೂತಿದ್ರಲ್ಲ, ಅದರ ಮರುದಿನ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಇಷ್ಟು ವರ್ಷದಲ್ಲಿ ಒಂದು ಪಾಠವನ್ನ ಪೂರ್ತಿ ಕೂತು ನೋಡಿದವರು ನೀವೊಬ್ಬರೇ. ಕಣ್ಣು ಕದಲಿಸದೆ ನೋಡಿದ್ರಿ. ಆಮೇಲೆ ಕಿಟಕಿ, ಬೆಂಚು ಎಲ್ಲದರ ಬಗ್ಗೆ ಹೇಳಿದ್ರಿ. ಪಾಠದ ಬಗ್ಗೆ ಏನಾದ್ರೂ ಹೇಳ್ತೀರೇನೋ ಅಂತ ಕಾದೆ. ನೀವು ಹೊರಟುಹೋದ್ರಿ. ನನ್ನ ಪಾಠದಲ್ಲಿ ಇನ್ನು ಜೀವ ಉಳಿದಿಲ್ಲ ಅನ್ನಿಸ್ತು. ಬೇರೆ ಕಡೆ ಹೋದ್ರೆ ಮತ್ತೆ ಹುರುಪು ಬರುತ್ತೇನೋ ಅಂತ..."

ಚೆಕಿಂಗ್ ಅಕ್ಕ ಬೆಂಚಿನ ಮೇಲೆ ಕುಸಿದು ಕೂತಳು. ಎಷ್ಟೋ ದಿನಗಳ ಮೇಲೆ ಅವಳು ಹಾಗೆ ಕೂತದ್ದು. ಮನೆಮನೆಗೂ ಹೇಳಿದ್ದನ್ನು ಈಗ ಇವರಿಗೆ ಹೇಳಿದಳು, ಒಂದೂ ಬಿಡದೆ. ಮಗಳ ಕಿತ್ತಳೆ ಹಣ್ಣಿನ ಸಂಗತಿಯನ್ನೂ ಹೇಳಿದಳು. "ನನ್ನ ಮಗಳನ್ನ ನಿಮ್ಮ ಕೈಗೆ ಹಾಕ್ಬೇಕು ಅಂತ ಅವತ್ತೇ ಅಂದ್ಕೊಂಡಿದ್ದೆ ಮೇಡಂ. ನಿಮ್ಮಷ್ಟು ಚೆನ್ನಾಗಿ ಯಾರೂ ಹೇಳಿಕೊಡಲ್ಲ" ಅನ್ನುವಾಗ ಅಳು ಬಂತು.

ಟೀಚರ್ ಅವಳ ಪಕ್ಕದಲ್ಲೇ ಆ ಚಿಕ್ಕ ಬೆಂಚಿನ ಮೇಲೆ ಕೂತರು. "ಅವತ್ತು ಇದರಲ್ಲಿ ಅರ್ಧ ಹೇಳಿದ್ದರೂ ಸಾಕಿತ್ತು" ಅಂದರು. ಆಮೇಲೆ ಎದ್ದು ಉಳಿದ ಚಿತ್ರಗಳನ್ನು ಇಳಿಸಿದರು. ಅವಳೂ ಒಂದೊಂದನ್ನೇ ಸುರುಳಿ ಸುತ್ತಿ ಕೊಟ್ಟಳು.

ಶಾಲೆ ಶುರುವಾದ ಬೆಳಿಗ್ಗೆ ಗೇಟಿನ ಹತ್ತಿರ ಬೀದಿಯ ತಾಯಂದಿರೆಲ್ಲ ಸೇರಿದ್ದರು. ಆ ಟೀಚರ್ ಇಲ್ಲ ಅನ್ನುವ ಸುದ್ದಿ ಆಗಲೇ ಬಾಯಿಂದ ಬಾಯಿಗೆ ಹೋಗಿತ್ತು. ಮೇಲ್ಮನೆಯವಳು ಮಗನ ಕೈ ಬಿಗಿಯಾಗಿ ಹಿಡಿದು, "ನೀವು ಹೇಳಿದ್ದು ಅವರನ್ನ ನೋಡಿ ತಾನೇ ಅಕ್ಕ? ಈಗೇನು ಮಾಡೋದು?" ಅಂದಳು. ಚೆಕಿಂಗ್ ಅಕ್ಕ ಜನ್ಮದಲ್ಲಿ ಒಂದು ಸಲ ಹೊಗಳಿದ್ದಳು, ಅದೂ ಹೀಗಾಗಿತ್ತು. ಆ ಕಡೆ ಈ ಕಡೆ ಕಾಲು ಬದಲಿಸುತ್ತಾ ನಿಂತಳು.

ಹೊಸ ಟೀಚರ್ ಹೊರಗೆ ಬಂದರು. ಚಿಕ್ಕ ವಯಸ್ಸು. ಇಷ್ಟು ಜನ ತಾಯಂದಿರನ್ನು ಒಟ್ಟಿಗೆ ನೋಡಿ ಗಾಬರಿಯಾಗಿದ್ದರು. ಬ್ಯಾಗಿನ ಜಿಪ್ ಕಿತ್ತಿದೆ, ತೋಳಿನ ಅಂಚು ಬಿಚ್ಚಿದೆ, ಬಂದದ್ದೂ ಐದು ನಿಮಿಷ ತಡ. ಚೆಕಿಂಗ್ ಅಕ್ಕನ ಬೆರಳುಗಳು ತಾವಾಗಿ ಮಡಚಿಕೊಂಡವು. ಸಾಲಿನಲ್ಲಿ ಮೊದಲು ನಿಂತದ್ದು ಅವಳ ಮಗಳು. ಟೀಚರ್ ಬಗ್ಗಿ, "ನಿನ್ನ ಹೆಸರೇನು ಪುಟ್ಟಿ?" ಅಂದರು.

ಮಗಳು ಅವರ ಮುಖವನ್ನೇ ನೋಡಿದಳು. ಉತ್ತರ ಬರಲಿಲ್ಲ. ಟೀಚರ್ ತಲೆಯೆತ್ತಿ ಅಮ್ಮನ ಕಡೆ ನೋಡಿದರು. ಹೆಸರು ಚೆಕಿಂಗ್ ಅಕ್ಕನ ತುಟಿಯವರೆಗೆ ಬಂದಿತ್ತು. ಹಿಂದೆ ಯಾರೋ ಕೆಮ್ಮಿದರು. ಮೇಲ್ಮನೆಯವಳ ಮಗ, "ನಂಗೊತ್ತು, ನಾನು ಹೇಳ್ತೀನಿ" ಅಂದ. ಅವಳು ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತಾ ಬಾಯಿ ಬಿಗಿಹಿಡಿದಳು. ಹೊಸ ಟೀಚರ್‌ಗೆ ಏನು ಹೊಳೆಯಿತೋ, ಹುಡುಗನಿಗೆ ತಾಳು ಅಂತ ಕೈ ಮಾಡಿ, ಅಲ್ಲೇ ಕುಕ್ಕರಗಾಲಲ್ಲಿ ಕೂತು ತಮ್ಮ ಚಪ್ಪಲಿಯ ಪಟ್ಟಿ ಬಿಚ್ಚಿ ಮತ್ತೆ ಹಾಕಿಕೊಳ್ಳತೊಡಗಿದರು. ಹೊತ್ತು ಹೋಗುತ್ತಿತ್ತು. ಎರಡನೆಯ ಬೆಲ್ ಹೊಡೆಯಿತು. ಆಗ ಮಗಳು ತನ್ನ ಹೆಸರು ಹೇಳಿದಳು, ಪೂರ್ತಿಯಾಗಿ, ಅಪ್ಪನ ಹೆಸರನ್ನೂ ಸೇರಿಸಿ.

ಟೀಚರ್ ಅವಳ ಬೆನ್ನು ತಟ್ಟಿ ಒಳಗೆ ಕಳಿಸಿ, ಮುಂದಿನ ಮಗುವಿನ ಕಡೆ ತಿರುಗುತ್ತಿದ್ದರು.

"ಮೇಡಂ" ಅಂತ ಚೆಕಿಂಗ್ ಅಕ್ಕ ಕರೆದಳು. ಟೀಚರ್ ಬೆದರಿ ನಿಂತರು. ಬೀದಿಯ ತಾಯಂದಿರೆಲ್ಲ ಕತ್ತು ಚಾಚಿದರು.

"ಚೆನ್ನಾಗಿ ಕಾದ್ರಿ" ಅಂದಳು ಅವಳು. ಹಿಂದಿನ ಸಾಲಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಅಂದಳು.